ಕಾಡುಕೋಣಗಳ ನಡುವೆ ಜ್ಯೂಲಿ

ಹಳಿಯಾಳದ ಆಚೆ ಕಬ್ಬಿನ ಹೊಲಗಳಲ್ಲಿ ಕೂಲಿ ಮಾಡುವ ಕಾತರಿನಾ ಸಿದ್ದಿ ಕಾಡನ್ನು ನೋಡಲೆಂದು ಎಂದೂ ಹೋದವಳಲ್ಲ. ಅವಳು ಹುಟ್ಟಿದ್ದೇ ಕಾಡಿನಲ್ಲಿ. ಜೋಯಿಡಾ ಕಡೆಯ ಬೆಟ್ಟದ ಬುಡದಲ್ಲಿದ್ದ ಕರಂಜವಾಡಾ ಅವಳ ಊರು. ಹುಲಿಗಳಿಗಾಗಿ ಕಾಡಿನೊಳಗಿನ ಊರುಗಳನ್ನು ತೆರವು ಮಾಡುವ ಕಾಲ ಬಂದಾಗ ಊರವರು ಕೂತು ಮಾತಾಡಿ ಒಪ್ಪಿಕೊಂಡರು, ಗಂಟುಮೂಟೆ ಕಟ್ಟಿದರು. ಕಾತರಿನಾಳೂ ಗಂಡ ಸಂತಾನನ ಜೊತೆ ಹೊರಬಂದಳು. ಹೊಸ ಊರಿನಲ್ಲಿ ರಸ್ತೆ ಇತ್ತು, ಕರೆಂಟು ಇತ್ತು, ದವಾಖಾನೆ ಹತ್ತಿರವಿತ್ತು. ಅದನ್ನು ಅವಳು ಯಾವತ್ತೂ ಅಲ್ಲಗಳೆಯಲಿಲ್ಲ. ಇವೇ ಮೊದಲು ಸಿಕ್ಕಿದ್ದರೆ ಮಗಳು ಜ್ಯೂಲಿ ಉಳಿಯುತ್ತಿದ್ದಳು ಎಂದಷ್ಟೇ ಅವಳಿಗೆ ಅನಿಸುತ್ತಿತ್ತು.

ಜ್ಯೂಲಿ ಹಳೆಯ ಊರಿನಲ್ಲೇ, ಜಡಿಮಳೆಯ ದಿನಗಳಲ್ಲಿ ಜ್ವರ ಬಂದು ತೀರಿಹೋಗಿದ್ದಳು. ತುಂಬಿದ ಹಳ್ಳ ದಾಟಿಸಲು ಆಗಿರಲಿಲ್ಲ. ಊರ ಮುಂದಿನ ಮತ್ತಿಮರದ ಕೆಳಗೆ ಮಣ್ಣು ಮಾಡಿ, ಸಂತಾನ ಎರಡು ಕಟ್ಟಿಗೆ ಅಡ್ಡ ಕಟ್ಟಿದ ಕುರುಸು ನೆಟ್ಟಿದ್ದ.

ನವೆಂಬರಿನಲ್ಲಿ ಸತ್ತವರ ಹಬ್ಬ ಬರುತ್ತದೆ. ಅಂದು ಗೋರಿಯ ಮೇಲೆ ಮೇಣದಬತ್ತಿ ಹಚ್ಚುವುದು ಎಲ್ಲ ಕ್ರೈಸ್ತರೂ ಮಾಡುವುದೇ. ಕಾತರಿನಾಳ ಮನೆಯಲ್ಲಿ ಇನ್ನೊಂದು ಪದ್ಧತಿ ಇತ್ತು. ಮನೆಯ ಹಿರಿಯಳು ಗೋರಿಯ ಎದುರು ನಿಂತು, ಆಡಲು ಹೋದ ಮಕ್ಕಳನ್ನು ಊಟಕ್ಕೆ ಕರೆಯುವಂತೆ, ಸತ್ತವರನ್ನು ಹೆಸರು ಹಿಡಿದು ಗಟ್ಟಿಯಾಗಿ ಕರೆಯಬೇಕು. ಕರೆಯದಿದ್ದರೆ ಅವರಿಗೆ ಮನೆಯ ದಾರಿ ಮರೆತುಹೋಗುತ್ತದೆ ಎಂದು ಅತ್ತೆ ಹೇಳುತ್ತಿದ್ದಳು. ಹೊಸ ಊರಿನ ಅಂಗಳದಲ್ಲಿ ನಿಂತು ಕಾತರಿನಾ ಪ್ರತಿ ವರ್ಷ ಕರೆದಳು. ಆದರೆ ಮನಸ್ಸು ಒಪ್ಪಲಿಲ್ಲ. ಈ ಮನೆಯನ್ನು ಜ್ಯೂಲಿ ನೋಡಿಯೇ ಇಲ್ಲ. ಎಲ್ಲಿಗೆಂದು ಬಂದಾಳು? ಒಮ್ಮೆಯಾದರೂ ಅಲ್ಲಿಗೇ ಹೋಗಿ ದಾರಿ ಹೇಳಿ ಬರಬೇಕು.

ದಾಂಡೇಲಿಯ ಅಮೀರಸಾಬ ಹಿಂದೆ ಕರಂಜವಾಡಾಕ್ಕೆ ಜೀಪಿನಲ್ಲಿ ಕಿರಾಣಿ ಸಾಮಾನು ತರುತ್ತಿದ್ದವನು. ಈಗ ಅದೇ ಕಾಡಿನಲ್ಲಿ ಸಫಾರಿ ಜೀಪು ಓಡಿಸುತ್ತಾನೆ. ಹಳಿಯಾಳದ ಸಂತೆಯಲ್ಲಿ ಸಿಕ್ಕಾಗ ಅವನೇ ಹೇಳಿದ.

“ಸಫಾರಿ ನಿಮ್ಮೂರ ಮ್ಯಾಲೇ ಹೋಗತೈತಿ ಅಕ್ಕಾ. ಈಗ ಅದಕ್ಕ ಊರು ಅಂತ ಯಾರೂ ಅನ್ನಂಗಿಲ್ಲ. ಕಾಡಕೋಣ ಕಾಣೂ ಜಾಗ ಅಂತಾರ.”

“ಇಳೀಲಿಕ್ಕೆ ಬಿಡ್ತಾರೇನ ಅಮೀರಣ್ಣ?”

“ಇಳದ್ರ ನನ್ನ ಜೀಪು ಗೇಟಿನ ಹೊರಗ. ಕೂತಲ್ಲೇ ನೋಡಬೇಕು. ಮಾತೂ ಆಡಂಗಿಲ್ಲ.”

ಹಬ್ಬದ ದಿನ ಒಂದು ಸೀಟು ಅವಳಿಗಾಗಿ ಇಡುವುದಾಗಿ ಹೇಳಿದ.

ಹೊರಡುವ ಮುಂಜಾನೆ ಸಂತಾನ ಅಣಕಿಸಿದ. “ಹುಟ್ಟಿದಾಗಿಂದ ಬೆಳೀಗೆ ಬಿದ್ದ ಕಾಡಕೋಣ ಓಡಸಿದ್ದೇ ಆತು. ಈಗ ಟಿಕೀಟ ತೊಗೊಂಡು ನೋಡಾಕ ಹೊಂಟ್ಯೇನು?”

“ದಿನಾ ನಿನ್ನ ಮಾರಿ ನೋಡ್ತೇನಲ್ಲ, ಅದಕ್ಕಿಂತ ಚಂದ ಇರ್ತಾವ.”

ಅವನು ನಕ್ಕ. ಆಮೇಲೆ ಮುಖ ಆಚೆ ತಿರುಗಿಸಿ, “ಕರದಾಗ ಅಪ್ಪನೂ ಕಾಯಾಕತ್ತ್ಯಾನ ಅಂತ ಹೇಳು,” ಎಂದ.

ಬೆಟ್ಟದ ಮೇಲಿನ ಗೇಟಿನಲ್ಲಿ ಗೈಡ್ ಜ್ಯೋತಿಬಾ ಅವಳನ್ನು ನೋಡಿ ಹಣೆ ಚಚ್ಚಿಕೊಂಡ. ಅವಳು ಇಗರ್ಜಿಯ ಪೂಜೆಗೆ ಉಡುವ ಕೆಂಪು ಸೀರೆ ಉಟ್ಟು ಬಂದಿದ್ದಳು. “ಮದವೀಗೆ ಹೊಂಟೀರೇನ ಬಾಯಿ? ಹಿಂಗ ಮಿಂಚಿದ್ರ ಪ್ರಾಣಿ ನಿಲ್ಲತಾವೇನು?” ಅಮೀರಸಾಬ ಸೀಟಿನಡಿಯಿಂದ ಖಾಕಿ ಚಾದರ ತೆಗೆದು ಕೊಟ್ಟ. ಕಡ್ಡಿಪೆಟ್ಟಿಗೆಯನ್ನು ಗೇಟಿನಲ್ಲೇ ಇಡಿಸಿಕೊಂಡರು. ಮೇಣದಬತ್ತಿ ಅವಳ ಸಂಚಿಯಲ್ಲೇ ಉಳಿಯಿತು.

ಜೀಪಿನಲ್ಲಿ ಪುಣೆಯಿಂದ ಬಂದ ಒಂದು ಕುಟುಂಬವಿತ್ತು. ದಾರಿ ಬೆಟ್ಟದಿಂದ ಇಳಿಯುತ್ತಿದ್ದಂತೆ ಮರಗಳು ಎತ್ತರವಾದವು, ಬೆಳಕು ಕಡಿಮೆಯಾಯಿತು. ಮೇಲೆ ಹಾರ್ನಬಿಲ್ ಹಕ್ಕಿಯೊಂದು ರೆಕ್ಕೆ ಬಡಿದು ಹೋದಾಗ ಎಲ್ಲರೂ ಕತ್ತೆತ್ತಿದರು. ಕಾತರಿನಾ ಮಾತ್ರ ನೆಲ ನೋಡುತ್ತಿದ್ದಳು. ಹಳ್ಳದ ತಿರುವು ಬಂತು, ಬಟ್ಟೆ ಒಗೆಯುತ್ತಿದ್ದ ಬಂಡೆ ಬಂತು. ಆಮೇಲೆ ಕಾಡು ತೆರೆದುಕೊಂಡಿತು, ಜೀಪು ನಿಂತಿತು.

ಮನೆಗಳಿದ್ದಲ್ಲಿ ಎದೆಯೆತ್ತರ ಹುಲ್ಲು. ಮತ್ತಿಮರ ಇತ್ತು. ಕುರುಸನ್ನು ಗೆದ್ದಲು ತಿಂದಿರಬೇಕು, ಕಾಣಲಿಲ್ಲ. ಮರದ ಕೆಳಗೆ ಕಾಡುಕೋಣಗಳ ದೊಡ್ಡ ಹಿಂಡು ಮೇಯುತ್ತಿತ್ತು, ಜ್ಯೂಲಿಯ ಮೇಲೆಯೇ ನಿಂತಂತೆ.

ಪುಣೆಯ ಹೆಂಗಸು ಉಸಿರು ಬಿಗಿಹಿಡಿದು ಕ್ಯಾಮೆರಾ ಎತ್ತಿದಳು. ಅವಳು ಇದಕ್ಕಾಗಿಯೇ ಅಷ್ಟು ದೂರದಿಂದ ಬಂದಿದ್ದಳು. ಜ್ಯೋತಿಬಾ ತುಟಿಯ ಮೇಲೆ ಬೆರಳಿಟ್ಟ. ಕಾತರಿನಾಳ ಕೊರಳಿನವರೆಗೆ ಬಂದ ಹೆಸರು ಅಲ್ಲೇ ನಿಂತಿತು. ಕರೆದರೆ ಹಿಂಡು ಚದುರುತ್ತದೆ, ಅಮೀರಣ್ಣನ ಹೊಟ್ಟೆಯ ಮೇಲೆ ಹೊಡೆದಂತೆ. ಕರೆಯದೆ ಹೋದರೆ, ಇಷ್ಟು ಹತ್ತಿರ ಬಂದ ತಾಯಿ ಸುಮ್ಮನೆ ಹೋದಳೆಂದು ಮಗು ತಿಳಿದುಕೊಳ್ಳುತ್ತದೆ.

ಅಮೀರಸಾಬ ಕನ್ನಡಿಯಲ್ಲಿ ಅವಳ ಮುಖ ನೋಡಿದ. ಕಣ್ಣು ತೆಗೆದು ಮುಂದೆ ನೋಡತೊಡಗಿದ.

ಕಾತರಿನಾ ಎದ್ದು ನಿಂತಳು. ಚಾದರ ಜಾರಿಬಿತ್ತು.

“ಜ್ಯೂಲೀ!”

ಹಿಂಡು ಒಂದೇ ಸಲ ತಲೆಯೆತ್ತಿತು. ಮರುಕ್ಷಣ ನೆಲ ನಡುಗಿಸುತ್ತ ಹುಲ್ಲು ಸೀಳಿಕೊಂಡು ಕಾಡಿನೊಳಗೆ ನುಗ್ಗಿತು.

“ತಲೀ ಕೆಟ್ಟೈತೇನ ಬಾಯಿ?” ಜ್ಯೋತಿಬಾ ಕೂಗಿದ. “ಅಮೀರಸಾಬ, ಇದನ್ನ ನಾ ಗೇಟಿನ್ಯಾಗ ಹೇಳಬೇಕಾಗತೈತಿ. ನಿನ್ನ ಜೀಪು ನಿಂದ್ರಸ್ತಾರ.”

“ಹೇಳ್ರಿ,” ಎಂದ ಅಮೀರಸಾಬ. “ಅಕ್ಕನ ಮಗಳು ಅಲ್ಲಿ ಮಲಗ್ಯಾಳ.”

ಜ್ಯೋತಿಬಾ ಮರದ ಕಡೆ ತಿರುಗಿದ. ಪುಣೆಯ ಹೆಂಗಸಿಗೆ ಮಾತು ತಿಳಿಯಲಿಲ್ಲ. ಆದರೂ ಕ್ಯಾಮೆರಾವನ್ನು ಮೆಲ್ಲಗೆ ಮಡಿಲಿಗಿಳಿಸಿದಳು.

ಕಾತರಿನಾ ಯಾರನ್ನೂ ನೋಡಲಿಲ್ಲ. ಮತ್ತಿಮರದ ಬುಡಕ್ಕೆ ಕಣ್ಣು ನೆಟ್ಟು, ಎಂದೋ ಕಲಿತ ಪಾಠ ಒಪ್ಪಿಸುವವಳಂತೆ ಬಿಡಿಸಿ ಬಿಡಿಸಿ ಹೇಳಿದಳು.

“ಜ್ಯೂಲೀ, ನಾವೀಗ ಇಲ್ಲಿಲ್ಲವ್ವ. ಡಾಂಬರ ರಸ್ತೆ ಹಿಡಿ. ಹಳಿಯಾಳ ಬರತೈತಿ. ಬಸ್‌ಸ್ಟ್ಯಾಂಡ ದಾಟು, ಸಕ್ಕರಿ ಫ್ಯಾಕ್ಟರಿ ಹೊಗಿ ಕಾಣತೈತಿ. ಅದನ್ನ ಬಿಟ್ಟು ಎಡಕ್ಕ ತಿರುಗು. ಕಬ್ಬಿನ ಹೊಲದ ಕಡೀಗೆ ನೀಲಿ ಬಾಗಲದ ಮನಿ. ಅಪ್ಪ ಕಾಯಾಕತ್ತ್ಯಾನ. ಅಂಜಬ್ಯಾಡ, ಬಾ.”

ಹುಲ್ಲು ಮೆಲ್ಲಗೆ ಮೇಲೆದ್ದು ನಿಲ್ಲತೊಡಗಿತ್ತು. ಅವಳು ಕೂತಳು.

“ಆತೇನ ಅಕ್ಕಾ? ಹೋಗೂಣು?”

“ಸಾವಕಾಶ ಹೊಡಿ ಅಮೀರಣ್ಣ,” ಎಂದಳು. “ಸಣ್ಣ ಹುಡುಗಿ, ಹಿಂದ ಬರಬೇಕು.”

ಅಮೀರಸಾಬ ಮೊದಲನೆಯ ಗೇರಿನಲ್ಲಿಯೇ ಬೆಟ್ಟ ಹತ್ತಿಸಿದ. ಯಾರೂ ಬೇಗ ಹೋಗು ಎನ್ನಲಿಲ್ಲ.