ಎರಡನೇ ಮಹಡಿಯ ಹೆಬ್ಬೆರಳು

ಹಳೇ ಕಾರಿನ ಟ್ಯೂನಿಂಗ್ ಒಬ್ಬರ ಕೈಲಿ ಆಗುವ ಕೆಲಸವಲ್ಲ. ಒಬ್ಬರು ಬಾನೆಟ್ಟಿನ ಕೆಳಗೆ ತಲೆ ತೂರಿಸಬೇಕು, ಇನ್ನೊಬ್ಬರು ಸ್ಟೇರಿಂಗ್ ಹಿಂದೆ ಕೂತು ಪೆಡಲ್ ಮೇಲೆ ಕಾಲಿಟ್ಟು ಕಿವಿ ಕೊಡಬೇಕು. ಇದು ನಿಮಗೆ ಗೊತ್ತಿಲ್ಲದ ಸಂಗತಿಯೇನಲ್ಲ. ನಿಮ್ಮಪ್ಪನೋ ಮಾವನೋ ಬಾನೆಟ್ಟಿನ ಆಚೆಯಿಂದ "ಹೂಂ, ಒತ್ತು... ಬಿಡು ಬಿಡು, ಸಾಕು" ಎಂದು ಕೂಗಿದ್ದು ನೆನಪಿರಬೇಕು. ಇಲ್ಲವೆಂದರೆ ಮರೆತಿದ್ದೀರಿ, ಅಷ್ಟೇ. ಮರೆಯುವುದರಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ.

ಹನ್ನೆರಡು ಮನೆಗಳ ಒಂದು ಕಟ್ಟಡದಲ್ಲಿ ಒಬ್ಬ ಹಿರಿಯರಿಗೆ 'ಏನಂದ್ರಿ' ಎಂದು ಹೆಸರು. ಬೆನ್ನ ಹಿಂದೆ ಮಾತ್ರ. ಎದುರಿಗೆ 'ಸಾರ್'. ಮೂವತ್ತೆಂಟು ವರ್ಷ ಮುದ್ರಣಾಲಯದಲ್ಲಿ ಮೆಷಿನ್‌ಮ್ಯಾನ್ ಆಗಿದ್ದವರು. ನೀವು ಕಾಫಿ ಹೀರುತ್ತಾ ಪುಟ ತಿರುಗಿಸಿದ ಪತ್ರಿಕೆಗಳು ಅವರ ಕಿವಿಯ ಪಕ್ಕದಲ್ಲೇ ದಡದಡನೆ ಅಚ್ಚಾಗಿ ಬಂದವು. ಬಲಗಿವಿ ಪೂರ್ತಿ ಹೋಯಿತು. ಎಡಗಿವಿಯಲ್ಲಿ ಚೂರುಪಾರು ಉಳಿದಿದೆ. ಯಾರು ಏನೇ ಹೇಳಿದರೂ ಎಡಗಿವಿಯನ್ನು ಮುಂದೆ ಮಾಡಿ "ಏನಂದ್ರಿ?" ಅನ್ನುತ್ತಾರೆ. ಎರಡನೇ ಸಲ ಕೇಳಿದರೆ ಜನ ನಗುತ್ತಾರೆ. ಮೂರನೇ ಸಲಕ್ಕೆ "ಏನಿಲ್ಲ ಬಿಡಿ" ಎಂದು ನಡೆದುಬಿಡುತ್ತಾರೆ. ದಿನಕ್ಕೆ ಹತ್ತು 'ಏನಿಲ್ಲ ಬಿಡಿ'ಗಳನ್ನು ಜೇಬಿಗೆ ಹಾಕಿಕೊಂಡು ಅವರು ಮೆಟ್ಟಿಲು ಹತ್ತುತ್ತಾರೆ. ಕಿವಿಗೆ ಮೆಷಿನ್ ಹಾಕಿಕೊಳ್ಳಬಾರದೇ ಎಂದು ಕೇಳುವ ಜಾಣರಿದ್ದಾರೆ. ಹಾಕಿಕೊಂಡಿದ್ದಾರೆ ಸ್ವಾಮಿ. ಎಂಜಿನ್ ಹತ್ತಿರ ಹೋದರೆ ಅದು ಕುಕ್ಕರಿನ ಹಾಗೆ ಸಿಳ್ಳೆ ಹೊಡೆಯುತ್ತದೆ.

ಅವರ ಹೆಂಡತಿ ಬಟ್ಟೆ ಹೊಲಿಯುತ್ತಿದ್ದವರು. ತೀರಿಕೊಂಡು ಹದಿನಾಲ್ಕು ತಿಂಗಳಾಯಿತು. ಮನೆಯೊಳಗೆ ಗಂಡನಿಗೆ ಮಾತು ಮುಟ್ಟಿಸಲು ಆಕೆ ಕೂಗಬೇಕಿತ್ತು, ಇಲ್ಲವೇ ಚೀಟಿ ಬರೆಯಬೇಕಿತ್ತು. ಕಾರಿನಲ್ಲಿ ಹಾಗಲ್ಲ. ಆಕೆ ಕೂರುತ್ತಿದ್ದದ್ದು ಅವರ ಎಡಕ್ಕೆ. ಗಾಜು ಏರಿಸಿದರೆ ಆಯಿತು, ಎಡಗಿವಿಗೆ ಪಿಸುಮಾತೂ ಬೀಳುತ್ತಿತ್ತು. ಗಂಡ ಹೆಂಡಿರು ಜಗಳವಾಡಿದ್ದು, ನಕ್ಕಿದ್ದು, ಮಗಳ ಮದುವೆ ನಿಶ್ಚಯಿಸಿದ್ದು, ಕೊನೆಗೆ ಡಾಕ್ಟರು ಹೇಳಿದ ಸುದ್ದಿಯನ್ನು ಆಕೆ ಒಂದೊಂದೇ ಮಾತಾಗಿ ಬಿಡಿಸಿ ಹೇಳಿದ್ದು, ಎಲ್ಲವೂ ಇಪ್ಪತ್ತೇಳು ವರ್ಷದ ಆ ಕೆನೆಬಣ್ಣದ ಕಾರಿನೊಳಗೆ. ಇವತ್ತಿಗೂ ಆ ಎಡ ಸೀಟು ಆಕೆಯ ಬೆನ್ನಿಗೆ ಬೇಕಾದಷ್ಟೇ ಹಿಂದಕ್ಕೆ ವಾಲಿದೆ.

ಆ ಕಾರಿಗೆ ಸಾರಿಗೆ ಕಚೇರಿಯಿಂದ ಕಾಗದ ಬಂತು. ಸೋಮವಾರ ಬೆಳಗ್ಗೆ ಹತ್ತಕ್ಕೆ ತಪಾಸಣೆ. ಪಾಸಾದರೆ ಇನ್ನೈದು ವರ್ಷ, ಇಲ್ಲವಾದರೆ ಗುಜರಿ. ಕಟ್ಟಡದ ಕಾರ್ಯದರ್ಶಿಗೆ ಸುದ್ದಿ ತಿಳಿದು ಮುಖ ಅರಳಿತು. ಪಂಪಿನ ಕೋಣೆಯ ಪಕ್ಕ ಕಾರು ನಿಲ್ಲುವ ಆ ಜಾಗದ ಮೇಲೆ ಅವನಿಗೆ ಮೂರು ವರ್ಷದಿಂದ ಕಣ್ಣು.

ಭಾನುವಾರ ಬೆಳಗ್ಗೆ ಅವರು ಹಳೇ ಅಂಗಿ ತೊಟ್ಟು ಪಾನಾ ಪೆಟ್ಟಿಗೆಯೊಂದಿಗೆ ಕೆಳಗಿಳಿದರು. ಗಾಳಿ ಫಿಲ್ಟರ್ ಕೊಡವಿದರು. ಪ್ಲಗ್ಗಿಗೆ ಕಿಡಿ ಕಳಿಸುವ ಪಾಯಿಂಟನ್ನು ಎಮರಿ ಕಾಗದದಿಂದ ಉಜ್ಜಿದರು. ಕೈಗೆ ಎಲ್ಲವೂ ನೆನಪಿತ್ತು, ಅದೇ ತೊಂದರೆಯಾಯಿತು. ನಾಲ್ಕು ಪ್ಲಗ್ಗಿನ ವೈರುಗಳನ್ನೂ ಒಟ್ಟಿಗೆ ಕಿತ್ತು, ತಲೆ ಎತ್ತದೆ, ಆ ಕಟ್ಟನ್ನು ಪಕ್ಕಕ್ಕೆ ಚಾಚಿದರು. ಇಷ್ಟು ವರ್ಷ ಅಲ್ಲಿ ಒಂದು ಕೈ ಇರುತ್ತಿತ್ತು. ಪಾನಾ ಆಡಿಸಲು ಜಾಗವಾಗಲೆಂದು ಆಕೆ ನಾಲ್ಕನ್ನೂ ಬೆರಳ ಸಂದಿಯಲ್ಲಿ ಸಾಲಾಗಿ ಹಿಡಿದು ನಿಲ್ಲುತ್ತಿದ್ದರು.

ಅವರು ಕೈಬಿಟ್ಟರು. ವೈರುಗಳು ಎಂಜಿನ್ ಮೇಲೆ ಬಿದ್ದು ಒಂದರೊಳಗೊಂದು ಹೆಣೆದುಕೊಂಡವು.

ಬಗ್ಗಿ ಅವನ್ನು ಬಿಡಿಸಿದರು. ಯಾವ ವೈರು ಯಾವ ಪ್ಲಗ್ಗಿಗೆ? ಆ ಲೆಕ್ಕ ಇಟ್ಟುಕೊಂಡಿದ್ದವರು ಆಕೆ. ಗುರುತಿಗೆಂದು ಒಂದೊಂದು ವೈರಿನ ತುದಿಗೆ ಒಂದೊಂದು ಬಣ್ಣದ ದಾರ ಕಟ್ಟಿದ್ದರು, ಕೆಂಪು, ಹಳದಿ, ಹಸಿರು, ಬಿಳಿ. ಈಗ ನಾಲ್ಕೂ ಎಣ್ಣೆ ಕುಡಿದು ಇದ್ದಿಲಿನ ಬಣ್ಣಕ್ಕೆ ತಿರುಗಿದ್ದವು. ಕನ್ನಡಕ ಒರೆಸಿ ನೋಡಿದರು, ಬಿಸಿಲಿಗೆ ಹಿಡಿದು ನೋಡಿದರು. ಒಂದು ದಾರವನ್ನು ಉಗುರಿನಿಂದ ಕೆರೆಯುವಾಗ ಬೆರಳಿಗೆ ಏನೋ ತಡೆಯಿತು. ಗಂಟು. ಒಂದರಲ್ಲಿ ಒಂದು, ಇನ್ನೊಂದರಲ್ಲಿ ಎರಡು, ಉಳಿದವುಗಳಲ್ಲಿ ಮೂರು, ನಾಲ್ಕು.

"ಬಣ್ಣ ಬೇರೆ ಬೇರೆ ಇದೆಯಲ್ಲ, ಮತ್ತೆ ಗಂಟು ಯಾಕೇ?" ಎಂದು ಅಂದು ಅವರೇ ಗೇಲಿ ಮಾಡಿದ್ದರು.

"ರೀ, ನಿಮ್ಮ ಕೈ ತಾಗಿದ ಮೇಲೆ ಯಾವ ಬಣ್ಣ ಉಳಿದಿದೆ ಹೇಳಿ? ನನ್ನ ಬಿಳೀ ಸೀರೆ ಕೇಳಿ ನೋಡಿ, ಹೇಳುತ್ತೆ!"

ಅವರು ಒಬ್ಬರೇ ನಕ್ಕರು. ಪ್ಲಗ್ಗುಗಳನ್ನು ಉಜ್ಜಿ ಕೂರಿಸಿ, ಗಂಟು ಎಣಿಸುತ್ತಾ ವೈರು ಸಿಕ್ಕಿಸಿದರು. ಕೀಲಿ ತಿರುಗಿಸಿದರು. ಎಂಜಿನ್ ಹಿಡಿಯಿತು. ಸ್ಟೇರಿಂಗ್ ನಡುಗಿದ್ದರಿಂದ ಅವರಿಗೆ ಅದು ತಿಳಿಯಿತು.

ಇನ್ನು ಉಳಿದದ್ದು ಒಂದೇ ಕೆಲಸ, ಕಾರ್ಬುರೇಟರಿನ ಪುಟ್ಟ ತಿರುಪು. ಹೆಚ್ಚು ಬಿಗಿದರೆ ಎಂಜಿನ್ನಿಗೆ ಹಸಿವು, ಹೆಚ್ಚು ಸಡಿಲಿಸಿದರೆ ಅಜೀರ್ಣ, ಕೆಮ್ಮು, ಕರೀ ಹೊಗೆ. ನಡುವೆ ಕೂದಲೆಳೆಯಷ್ಟು ಜಾಗದಲ್ಲಿ ಅದು ತಡವರಿಸದೆ ಒಂದೇ ಸಮನೆ ಗುನುಗುತ್ತದೆ. ಆ ಜಾಗ ಕಿವಿಗೆ ಮಾತ್ರ ಗೊತ್ತಾಗುವುದು. ಆಕೆ ಕಾರಿನೊಳಗೆ ಕೂತು ಕೇಳುತ್ತಿದ್ದರು. ಕೂಗಿದರೆ ಗಂಡನಿಗೆ ಕೇಳಿಸದು, ಬಾನೆಟ್ ಎತ್ತಿದ್ದರಿಂದ ಮುಖ ಕಾಣಿಸದು. ಅದಕ್ಕೇ ಕಿಟಕಿಯಿಂದ ಕೈ ಹೊರಗೆ ಚಾಚುತ್ತಿದ್ದರು. ಮುಷ್ಟಿ ಎಂದರೆ ಇನ್ನೂ ಇಲ್ಲ. ಹೆಬ್ಬೆರಳು ಎದ್ದರೆ ಇದೇ ಜಾಗ, ಇನ್ನು ಮುಟ್ಟಬೇಡಿ. ಇಪ್ಪತ್ತು ವರ್ಷದಲ್ಲಿ ಆ ಹೆಬ್ಬೆರಳು ಒಂದು ಸಲವೂ ಸುಳ್ಳು ಹೇಳಿರಲಿಲ್ಲ.

ಅವರು ತಿರುಪನ್ನು ಕಾಲು ಸುತ್ತು ತಿರುಗಿಸಿದರು. ಎಂಜಿನ್ ಮೇಲೆ ಅಂಗೈ ಇಟ್ಟರು. ಅದರ ನಡುಕ ಮೊದಲಿನಿಂದಲೂ ಇದ್ದದ್ದೇ, ಅದರಿಂದ ಏನೂ ತಿಳಿಯಲಿಲ್ಲ. ಪ್ರೆಸ್ಸಿನಲ್ಲಿ ಮಾಡುತ್ತಿದ್ದ ಹಾಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ ಹಿಡಿಯನ್ನು ಹಲ್ಲಲ್ಲಿ ಕಚ್ಚಿದರು. ಸ್ವಂತ ಹಲ್ಲಿದ್ದಾಗ ಎಲುಬಿನ ಮೂಲಕ ಸದ್ದು ತಲೆಗೆ ಏರುತ್ತಿತ್ತು. ಈಗ ಕಟ್ಟಿಸಿದ ಹಲ್ಲು ಕಟಕಟ ಅಲ್ಲಾಡಿದ್ದಷ್ಟೇ.

ಬಾಲ್ಕನಿಗಳಲ್ಲಿ ಜನ ನೆರೆದಿದ್ದರು. "ಏನಂದ್ರಿಯವರು ತಿಂಡಿಗೆ ಎಂಜಿನ್ ತಿಂತಿದ್ದಾರೆ ನೋಡ್ರೋ" ಎಂದು ಯಾರೋ ಅಂದರು. ಕಾರ್ಯದರ್ಶಿ ಮೂಗು ಮುಚ್ಚಿಕೊಂಡು, "ಏನ್ ಸಾರ್, ಇವತ್ತು ಪೂರ್ತಿ ಇದೇ ಸಂಗೀತಾನಾ?" ಎಂದ.

"ಏನಂದ್ರಿ?"

ಮೇಲಿನಿಂದ ನಗು. ಅವರಿಗೆ ತುಟಿಗಳು ಅಲುಗಿದ್ದು ಕಾಣಿಸಿತು. ತಲೆ ಎತ್ತಿ ಕೈಯನ್ನು ಬಾಯಿಯ ಪಕ್ಕ ಹಿಡಿದು ಕೂಗಿ ಕೇಳಿದರು: "ಸ್ವಲ್ಪ ಕಿವಿ ಕೊಟ್ಟು ಹೇಳ್ತೀರಾ? ಕೆಮ್ತಿದೆಯಾ, ಸರಿ ಹೋಯ್ತಾ? ನಾಳೆ ತಪಾಸಣೆ ಇದೆ."

ಹದಿನಾಲ್ಕು ತಿಂಗಳಲ್ಲಿ ಆ ಮನುಷ್ಯ ಆ ಕಟ್ಟಡದವರನ್ನು ಕೇಳಿದ ಮೊದಲನೇ ಉಪಕಾರ ಅದು. ಮೇಲೆ ಎಂಟು ಜನ, ಹದಿನಾರು ಒಳ್ಳೇ ಕಿವಿ. ಎಂಜಿನ್ ಕಫ ಕಟ್ಟಿದವರ ಹಾಗೆ ಕೆಮ್ಮುತ್ತಿದ್ದುದು ಹದಿನಾರಕ್ಕೂ ಕೇಳಿಸುತ್ತಿತ್ತು. ಎರಡನೇ ಮಹಡಿಯಲ್ಲಿದ್ದ ಬ್ಯಾಂಕಿನವರೊಬ್ಬರು ಕಂಬಿಯಾಚೆ ಕೈ ಚಾಚಿ ಹೆಬ್ಬೆರಳು ಎತ್ತಿದರು.

ಕೆಳಗಿದ್ದವರ ಮುಖ ನೋಡಬೇಕಿತ್ತು ನೀವು. ಸ್ಕ್ರೂಡ್ರೈವರನ್ನು ಮುಟ್ಟಿದರೆ ಒಡೆದೀತು ಎಂಬಂತೆ ಹಿಂದಕ್ಕೆ ತೆಗೆದರು. ಎರಡೂ ಕೈ ಜೋಡಿಸಿದರು. ಬಾನೆಟ್ ಮುಚ್ಚಿ, ಅದರ ಮೇಲಿನ ಬೆರಳಚ್ಚುಗಳನ್ನು ಅಂಗಿಯ ತುದಿಯಿಂದ ಒರೆಸಿದರು.

"ಇನ್ನೂ ಕೆಮ್ತಾನೇ ಇತ್ತಲ್ರೀ?" ಎಂದರು ಬ್ಯಾಂಕಿನವರ ಹೆಂಡತಿ.

"ಇರ್ಲಿ ಬಿಡೇ. ಕೆಮ್ತಿದೆ ಅಂದ್ರೆ ಸಂಜೆವರೆಗೂ ಗುರ್ ಗುರ್ ಅನ್ನಿಸ್ತಾ ಇರ್ತಾರೆ. ಭಾನುವಾರ ಒಂದು ದಿನ ಮಲಗೋದು ಬೇಡ್ವಾ?"

ಸೋಮವಾರ ಸಾಲಿನಲ್ಲಿ ಏಳನೆಯವರಾಗಿ ನಿಂತರು. ತಪಾಸಣೆಯವನು ಹೊಗೆ ಕೊಳವೆಗೆ ಯಂತ್ರ ತೂರಿಸಿ, ತಲೆ ಅಲ್ಲಾಡಿಸಿ ಏನೋ ಹೇಳಿದ. "ಏನಂದ್ರಿ?" ಮತ್ತೆ ಹೇಳಿದ. "ಏನಂದ್ರಿ?" ಮೂರನೇ ಸಲ ಆತ ನಡೆದುಹೋಗಲಿಲ್ಲ. ಫಾರಂ ತಿರುಗಿಸಿ ಹಿಂಬದಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದ: 'ಹೊಗೆ ಜಾಸ್ತಿ. ತಡೆದು ತಡೆದು ಓಡ್ತಿದೆ. ಹದಿನೈದು ದಿನ ಟೈಮ್ ಕೊಟ್ಟಿದೀನಿ, ಯಜಮಾನ್ರೇ. ಇದೇ ಕೊನೆ.' ಹದಿನಾಲ್ಕು ತಿಂಗಳಲ್ಲಿ ಅವರಿಗೆ ಯಾರೋ ಬರೆದುಕೊಟ್ಟ ಮೊದಲ ಚೀಟಿ. ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡರು.

ಸಂಜೆ ಮೆಟ್ಟಿಲ ಮೇಲೆ ಬ್ಯಾಂಕಿನವರು ಎದುರಾದರು. "ಏನಾಯ್ತು ಸಾರ್?" ಎಂದು ಕೈ ತಿರುಗಿಸಿದರು.

"ಆಗ್ಲಿಲ್ಲ. ಹೊಗೆ ಜಾಸ್ತಿ ಅಂತೆ. ನಂದೇ ತಪ್ಪು ಇವ್ರೇ. ನೀವು ಸರಿ ಅಂದ್ಮೇಲೂ ಬಾನೆಟ್ ಮುಚ್ಚೋವಾಗ ಎಲ್ಲೋ ತಿರುಪಿಗೆ ಕೈ ತಾಗಿಸಿರ್ಬೇಕು ನಾನು. ಕ್ಷಮಿಸಿ, ನಿಮ್ಮ ಶ್ರಮ ದಂಡ ಆಯ್ತು."

ಬ್ಯಾಂಕಿನವರ ಕಿವಿ ಕೆಂಪಾಯಿತು. ಏನೋ ಹೇಳಲು ಬಾಯಿ ತೆರೆದರು. ಅವರು ಎಡಗಿವಿಯನ್ನು ಮುಂದೆ ಮಾಡಿ ಕಾದು ನಿಂತರು.

"ಏನಂದ್ರಿ?"

"ಏನಿಲ್ಲ ಬಿಡಿ ಸಾರ್."

ಅದನ್ನೂ ಜೇಬಿಗೆ ಹಾಕಿಕೊಂಡು ಅವರು ಮೇಲೆ ಹತ್ತಿದರು.

ಹದಿನೈದು ದಿನದಲ್ಲಿ ಒಂದು ಭಾನುವಾರ ಆಗಲೇ ಮಳೆಯಲ್ಲಿ ಹೋಯಿತು. ಉಳಿದಿರುವುದು ಒಂದೇ, ಅದು ಬರುವ ಭಾನುವಾರ. ಅವರು ಮತ್ತೆ ಹಳೇ ಅಂಗಿ ತೊಟ್ಟು ಕೆಳಗಿಳಿಯುತ್ತಾರೆ, ಎಂಜಿನ್ ಮತ್ತೆ ಕೆಮ್ಮುತ್ತದೆ, ನಿಮಗೆ ಮತ್ತೆ ಕೇಳಿಸುತ್ತದೆ. ಕಟ್ಟಡ ಯಾವುದು ಎಂದು ನನ್ನನ್ನು ಕೇಳಬೇಡಿ, ನಿಮ್ಮದೇ. ಬಾಲ್ಕನಿಯಿಂದ ಬೆರಳು ತೋರಿಸಬೇಡಿ. ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿಯಿರಿ. ಕಾರಿನ ಬಾಗಿಲು ತೆಗೆದು ಸ್ಟೇರಿಂಗ್ ಹಿಂದೆ ಕೂತುಕೊಳ್ಳಿ, ಕಿಟಕಿಯಿಂದ ಕೈ ಹೊರಗೆ ಚಾಚಿ ಮುಷ್ಟಿ ಕಟ್ಟಿ. ಅದು ನಿಜವಾಗಿ ಸರಿಹೋಗುವ ತನಕ, ಎಷ್ಟೇ ಹೊತ್ತಾಗಲಿ, ಆ ಮುಷ್ಟಿಯನ್ನು ಬಿಚ್ಚಬೇಡಿ.