ಗಂಜಿ ಹಚ್ಚಿದ ಗ್ರಂಥ

ಒಲೆಯ ಮೇಲೆ ಗಂಜಿ ಉಕ್ಕಿ ತುಸು ಸೀದರೆ ಸಾಕು, ಇಂದಿಗೂ ನಾನು ತಮಿಳುನಾಡಿನ ಧಾರಾಪುರದ ನಮ್ಮ ನೇಕಾರರ ಬೀದಿಯಲ್ಲಿ ನಿಂತಿರುತ್ತೇನೆ. ಬೆಳಗಾದರೆ ಬೀದಿಯುದ್ದಕ್ಕೂ ಹಾಸುನೂಲನ್ನು ಎಳೆದು ಕಟ್ಟಿ, ಹುಳಿಯೇರಿದ ಗಂಜಿಯನ್ನು ಕುಂಚದಿಂದ ಹಚ್ಚುತ್ತಿದ್ದರು. ಗಂಜಿ ಕುಡಿದ ನೂಲು ಹರಿಯುವುದಿಲ್ಲ. ನಮ್ಮವರು ನಂಬಿದ ವೇದಾಂತ ಅಷ್ಟೇ.

ಆ ಬೀದಿಯ ಅರ್ಧದಷ್ಟು ಜನ ನನ್ನ ತಾತನ ಶಿಷ್ಯರು. ಯೌವನದಲ್ಲಿ ವಿಷಮಜ್ವರ ಬಂದು ಬದುಕುಳಿದ ತಾತ ವಿಗ್ರಹಗಳನ್ನೆಲ್ಲ ಬಿಟ್ಟು, ನಿರಾಕಾರನೊಬ್ಬನೇ ದೇವರು ಎಂದು ಹೊಸ ಪಂಥ ಹೂಡಿದ್ದರು. ಪಳ್ಳಿಕೂಡದ, ಅಂದರೆ ಶಾಲೆಯ, ಮುಖ ಕಾಣದವರು ಮುಪ್ಪಿನಲ್ಲಿ ಕನ್ನಡದಲ್ಲೊಂದು ದಪ್ಪ ಗ್ರಂಥ ಬರೆದರು. ಮನೆಯಲ್ಲಿ ಎಲ್ಲರೂ ಆಡುತ್ತಿದ್ದ, ಆದರೆ ಯಾರೂ ಓದಲಾರದ ಕನ್ನಡ! ಕೇಳಿದವರಿಗೆ, "ಜ್ವರದಾಗೆ ಆ ಕಡವುಳೇ ಬಂದು ನಾಲಗೆ ಮೇಲೆ ಎಳುತ್ತು ಬರ್ದ" ಎನ್ನುತ್ತಿದ್ದರು. ದೇವರೇ ಅಕ್ಷರ ಬರೆದನೆಂದು.

ನಿಜವಾಗಿ ಆ ಅಕ್ಷರ ಕಲಿಸಿದವಳು ಚೌಡತ್ತೆ. ತಾತನ ಮಗಳು, ನನ್ನ ಸೋದರತ್ತೆ. ಕೊಳ್ಳೇಗಾಲಕ್ಕೆ ಮದುವೆಯಾಗಿ ಹೋಗಿ, ಹತ್ತೊಂಬತ್ತಕ್ಕೆ ಗಂಡನನ್ನು ಕಳೆದುಕೊಂಡು, ಅಲ್ಲಿ ಕಲಿತ ಅಕ್ಷರವನ್ನಷ್ಟೇ ಹೊತ್ತು ಮರಳಿದ್ದಳು. ಮಗ್ಗದ ಕುಳಿಯ ಅಂಚಿನಲ್ಲಿ ಮರಳು ಹರವಿ ತನ್ನ ಅಪ್ಪನಿಗೆ ತಿದ್ದಿಸಿದಳು. ಆಮೇಲೆ ನನಗೂ. ತಾತ ಸಭೆಯಲ್ಲಿ ಜ್ವರದ ಕಥೆ ಹೇಳುವಾಗ ಅವಳು ತಲೆ ತಗ್ಗಿಸಿ ಎಲ್ಲರಿಗೂ ಮಜ್ಜಿಗೆ ಕೊಡುತ್ತಿದ್ದಳು. ಒಳಗೆ ಬಂದ ತಾತ, "ಕೊನೇ ಪುಟದಾಗೆ ನಿನ್ ಹೆಸ್ರು ಬರ್ದಿವ್ನಿ ಕಣ್ ಕೂಸೇ. ನಾ ಹೋದ್ಮೇಲೆ ಓದ್ಸು" ಎನ್ನುತ್ತಿದ್ದರು. ಆ ಒಂದು ಸಾಲಿಗಾಗಿ ಅವಳು ಬದುಕಿದ್ದಳು.

ತಾತ ತೀರಿಕೊಂಡ ಹದಿಮೂರನೆಯ ದಿನ, ತುಂಬಿದ ಸಭೆಯಲ್ಲಿ ಚೌಡತ್ತೆ ಮೊದಲ ಸಲ ಬಾಯಿ ತೆರೆದಳು. "ಕೊನೇ ಪುಟ ಓದ್ಸಿ ಅಣ್ಣ."

ಹೊಸದಾಗಿ ಗುರುವಿನ ಮಣೆ ಏರಿದ್ದ ದೊಡ್ಡಪ್ಪ ನಕ್ಕರು. "ಯಾರು ಓದೋದು? ನೀನಾ? ಮುಂಡೆ ಕೈ ಸೋಕಿದ್ರೆ ಗ್ರಂಥ ಉಳೀತದಾ?"

"ಈ ಕೂಸಿಗೂ ಓದಕ್ ಬರ್ತದೆ" ಎಂದು ಅತ್ತೆ ನನ್ನನ್ನು ಮುಂದೆ ತಳ್ಳಿದಳು.

ಎಲ್ಲರೂ ನನ್ನತ್ತ ತಿರುಗಿದರು. ದೊಡ್ಡಪ್ಪನ ಕಣ್ಣು ನೋಡಿದೆ. ಕನ್ನಡವೇ ಬಾಯಿಗೆ ಬರಲಿಲ್ಲ. "ಎನಕ್ಕು ತೆರಿಯಾದು" ಎಂದುಬಿಟ್ಟೆ. ನನಗೆ ಗೊತ್ತಿಲ್ಲ ಎಂದು ತಮಿಳಿನಲ್ಲಿ. ಸಭೆ ಬಿದ್ದು ಬಿದ್ದು ನಕ್ಕಿತು. "ಬಲೇ ವಾದ್ಯಾರಮ್ಮ!" ಎಂದು ಯಾರೋ ಅತ್ತೆಯ ಮೇಷ್ಟರಿಕೆಗೆ ಕೈಮುಗಿದರು.

ಗ್ರಂಥ ನೂರು ವರ್ಷ ಉಳಿಯಬೇಕೆಂದು ಮರುದಿನವೇ ದೊಡ್ಡಪ್ಪ ಹಾಳೆ ಹಾಳೆಗೂ ಗಂಜಿ ಹಚ್ಚಲು ಹೇಳಿದರು. "ಬೇಡಣ್ಣ, ಕಾಯಿದ ಅಂಟ್ಕತದೆ, ಹಾಳೆ ಬಿಡಂಗಿಲ್ಲ" ಎಂದಳು ಅತ್ತೆ. "ಅವಳ್ಗೆ ಹೊಟ್ಟೆಕಿಚ್ಚು" ಎಂದರು. ಮೈನೆರೆಯದ ಹುಡುಗಿ, ಮಡಿ, ಕೈ ಹದವಾಗಿದೆ ಎಂದು ಕುಂಚ ನನಗೇ ಕೊಟ್ಟರು.

ಹಚ್ಚುತ್ತಾ ಹಚ್ಚುತ್ತಾ ಕೊನೆಯ ಹಾಳೆಗೆ ಬಂದೆ. ಅದು ಖಾಲಿಯಿತ್ತು. ತಿರುಗಿಸಿದೆ. ಆ ಬದಿಯೂ ಖಾಲಿ. ಎರಡೂ ಬದಿಗೆ ಗಂಜಿ ಬಳಿದೆ.

ಬಿಸಿಲಿಗಿಟ್ಟ ಗ್ರಂಥ ಇಟ್ಟಿಗೆಯಾಯಿತು. ತೆರೆಯಲು ಹೋದ ಕತ್ತಿ ಮುರಿಯಿತು. ತಾನಾಗಿ ಮುಚ್ಚಿಕೊಂಡ ಗ್ರಂಥವನ್ನು ತೆರೆಯಬಾರದೆಂದು ದೊಡ್ಡಪ್ಪ ಅಪ್ಪಣೆ ಕೊಟ್ಟರು. ವಿಗ್ರಹ ಬಿಟ್ಟ ತಾತನ ಪಂಥದವರು ಇಂದಿಗೂ ಆ ಇಟ್ಟಿಗೆಗೆ ಹೂವಿಟ್ಟು ಆರತಿ ಎತ್ತುತ್ತಾರಂತೆ.

ಗಂಜಿ ಹಚ್ಚಿದ ದಿನದ ಸಂಜೆ ಅತ್ತೆ ಎಂದಿನಂತೆ ಮರಳು ಹರವಿ ನನ್ನನ್ನು ಕರೆದಳು. ಬಯ್ಯಲಿಲ್ಲ. "ಇತ್ತಾ?" ಎಂದಷ್ಟೇ ಕೇಳಿದಳು.

"ಇತ್ತು ಅತ್ತೆ."

"ಹೆಂಗಿತ್ತು, ಬರ್ದು ತೋರ್ಸು."

ಬೆರಳಿನಿಂದ ಅವಳ ಹೆಸರನ್ನು ಮರಳಿನಲ್ಲಿ ಬರೆದೆ. ಚೌಡತ್ತೆ ಬಗ್ಗಿ ನೋಡಿದಳು.

"ನಿಮ್ ತಾತನ ಕೈಬರಹ ಇಷ್ಟು ಚೆಂದ ಇರ್ಲಿಲ್ಲ ಕೂಸೇ" ಎಂದು, ಅಂಗೈಯಿಂದ ಮರಳು ಸವರಿದಳು.