ಟೈಲ್ಸ್ ಅಂಕಲ್ ದನಿಯಲ್ಲಿ ಚಕ್ರವರ್ತಿ

ಪರದೇಶದಲ್ಲಿ, ಕ್ವೇಕರ್ಸ್ ಹಿಲ್ ಎಂಬ ಬಡಾವಣೆಯ ಶಾಲೆಯೊಂದರ ಹಾಲ್ ಬಾಡಿಗೆಗೆ ಹಿಡಿದು ಭಾನುವಾರ ಕನ್ನಡದಲ್ಲಿ ಆರಾಧನೆ ನಡೆಸುತ್ತಿದ್ದವರು ನಾವು. ಸ್ವಂತ ಚರ್ಚ್ ಕಟ್ಟಿಸಿಕೊಡುತ್ತೇನೆಂದು ಟೈಲ್ಸ್ ವ್ಯಾಪಾರದ ಅಂಕಲ್ ಮಾತು ಕೊಟ್ಟಿದ್ದರು. ಅವರಿಗೆ ಖುಷಿಯಾಗಲೆಂದು ಆ ಕ್ರಿಸ್ಮಸ್ಸಿಗೆ, ಹಿಂದೆ ದೊಡ್ಡ ದೊಡ್ಡ ಚರ್ಚುಗಳನ್ನು ಕಟ್ಟಿಸಿದ ರೋಮನ್ ಚಕ್ರವರ್ತಿಯ ನಾಟಕ ಆಡಲು ಪಾಸ್ಟರ್ ನನಗೆ ಹೇಳಿದರು. ಯಾರ ದನಿಯನ್ನಾದರೂ ಎರಡು ನಿಮಿಷದಲ್ಲಿ ಕದ್ದು ಹಾಗೇ ಮಾತಾಡುವುದು ನನಗಿದ್ದ ಒಂದೇ ವಿದ್ಯೆ. ಅಕೌಂಟಿಂಗ್ ಕೋರ್ಸಿನಲ್ಲಿ ಅದಕ್ಕೆ ಮಾರ್ಕ್ಸ್ ಇರಲಿಲ್ಲ.

ನೇರಳೆ ಬೆಡ್‌ಶೀಟ್ ಹೊದ್ದು, ಕಡ್ಡಿ ಕಾಲು ತೋರಿಸುತ್ತ ಬಂದೆ. ಚಕ್ರವರ್ತಿ ಬಿಷಪ್ಪರಿಗೆ ಬರೆಸಿದ ಪತ್ರವನ್ನು ಅಂಕಲ್ ದನಿಯಲ್ಲೇ ಹೇಳಿದೆ. “ನೋಡಪ್ಪಾ, ಕಂಬ ಎಷ್ಟ್ ಬೇಕು, ಮಾರ್ಬಲ್ ಯಾವ್ದು ಬೇಕು, ಹೇಳ್ಬಿಡು. ಸ್ಟಾಕ್ ಐತೆ.”

ಮುಂದಿನ ಸಾಲಿನಲ್ಲಿ ಅಂಕಲ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಅದು ನನ್ನ ತಲೆಗೇರಿತು. ಲೈಬ್ರರಿ ಪುಸ್ತಕದಿಂದ ಎತ್ತಿದ, ಚಕ್ರವರ್ತಿಯ ಮನೆಯ ಒಂದು ಸಂಗತಿಯನ್ನು, ಟೈಮ್ ಸಾಲದೆಂದು ಪಾಸ್ಟರ್ ಹೊಡೆದುಹಾಕಿದ್ದರೂ, ಅದೇ ದನಿಯಲ್ಲಿ ಸೇರಿಸಿಬಿಟ್ಟೆ.

“ದೊಡ್ಡ ಮಗ ಒಬ್ನಿದ್ದ. ಮುಗಿಸ್ಬಿಟ್ಟೆ ಕಣಪ್ಪಾ. ಅವನ ಹೆಸರು ಎತ್ಬೇಡಿ.”

ಯಾರೂ ನಗಲಿಲ್ಲ. ಅಂಕಲ್ ಎದ್ದು ಹೊರಗೆ ಹೋದರು. ಬೆಡ್‌ಶೀಟ್ ಎತ್ತಿ ಹಿಡಿದುಕೊಂಡೇ ಅವರ ಹಿಂದೆ ಓಡಿದೆ.

“ನನ್ ಮಗನ ವಿಷ್ಯ ನಿಂಗ್ಯಾರಪ್ಪಾ ಹೇಳಿದ್ದು?” ಎಂದರು, ಕಾರಿನ ಪಕ್ಕ ನಿಂತು.

“ನಿಮಗೆ ಮಗ ಇದ್ದಾನಾ ಅಂಕಲ್?”

ಇದ್ದ, ಮೆಲ್ಬರ್ನ್‌ನಲ್ಲಿ, ಅಂಕಲ್ಲೇ ಹೇಳಿದರು. ತಮಗೊಪ್ಪದ ಮದುವೆ ಮಾಡಿಕೊಂಡನೆಂದು ಆರು ವರ್ಷದಿಂದ, ಕೇಳಿದವರಿಗೆಲ್ಲ ‘ಸತ್ತ, ಹೆಸರು ಎತ್ಬೇಡಿ’ ಎನ್ನುತ್ತಿದ್ದರಂತೆ. ನಾನು ಕದ್ದದ್ದು ಬರೀ ದನಿ ಎಂದುಕೊಂಡಿದ್ದೆ.

“ಆ ರಾಜ ಆಮೇಲೆ ಏನ್ ಮಾಡ್ದ?”

“ಜೆರೂಸಲೇಮಲ್ಲಿ ಚರ್ಚ್ ಕಟ್ಟಿಸ್ದ ಅಂಕಲ್.”

“ಮಗ?”

“ಮಗ ಹೋಗ್ಬಿಟ್ಟಿದ್ನಲ್ಲ.”

ಅವರು ಕಾರು ಹತ್ತಿದರು.

ಹೊಸ ವರ್ಷದ ಮೊದಲ ಭಾನುವಾರ ಪಾಸ್ಟರ್ ಪ್ರಕಟಣೆ ಓದಿದರು. ಅಂಕಲ್ ಅಂಗಡಿ ಮಾರಿ ಮೆಲ್ಬರ್ನ್‌ಗೆ, ಮಗನ ಹತ್ತಿರ ಹೋಗುತ್ತಿದ್ದಾರೆ. ಕಟ್ಟಡದ ಮಾತು ಸದ್ಯಕ್ಕಿಲ್ಲ. ಪಕ್ಕದಲ್ಲಿದ್ದ ಹಿರಿಯ ಆಂಟಿ ನನ್ನತ್ತ ಬಾಗಿದರು.

“ನಿನ್ ಬಾಯಿಂದ ಒಂದ್ ಚರ್ಚೇ ಹೋಯ್ತು ನೋಡು.”

“ಸಾರಿ ಆಂಟಿ. ನಂಗ್ ನಿಜವಾಗ್ಲೂ ಗೊತ್ತಿರ್ಲಿಲ್ಲ.”

“ನಮಗ್ ಗೊತ್ತಿತ್ತು ಕಣೋ, ಅವ್ನು ಬದ್ಕಿದಾನೆ ಅಂತ. ಆ ಹುಡ್ಗನ್ನ ಎತ್ತಿ ಆಡ್ಸಿದೀನಿ ನಾನು. ಚರ್ಚ್ ಬರುತ್ತಲ್ಲ ಅಂತ ಎಲ್ರೂ ಸುಮ್ನಿದ್ವಿ.”

ಹಾಗೆಂದು ಕೀರ್ತನೆ ಪುಸ್ತಕ ತೆರೆದರು. ಎಷ್ಟು ಹೊತ್ತಾದರೂ ಅವರಿಗೆ ಪುಟ ಸಿಗಲಿಲ್ಲ.